ಟ್ರಾನ್ಸ್‌ಫರ್ ಆರ್ಡರಿಗೆ ಹೆದರದ ಕುಡಿತ

ಬ್ಯಾಂಕಿನವರ ಮನೆಯಲ್ಲಿ ಯಾವ ಕಷ್ಟ ಬಂದರೂ ಮದ್ದು ಒಂದೇ, ಟ್ರಾನ್ಸ್‌ಫರ್. ಮ್ಯಾನೇಜರ್ ಕಾಡುತ್ತಾನೆಯೇ? ಟ್ರಾನ್ಸ್‌ಫರ್ ಕೇಳು. ಮಗಳ ಶಾಲೆ ಸರಿಯಿಲ್ಲವೇ? ಟ್ರಾನ್ಸ್‌ಫರ್ ಕೇಳು. ಊರಿನ ನೀರು ಒಗ್ಗುವುದಿಲ್ಲವೇ? ಅದಕ್ಕೂ ಟ್ರಾನ್ಸ್‌ಫರ್. ವಿಜಯಪುರದ ಕಡೆಯ ಮಂದಾಕಿನಿ ಕೂಡ ಹೀಗೇ ಯೋಚಿಸಿದಳು. ಗಂಡ ಅರವಿಂದನ ಕುಡಿತ ಬಿಡಿಸಲು ಟ್ರಾನ್ಸ್‌ಫರ್ ಮಾಡಿಸಿದಳು. ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಆರ್ಡರ್ ಬಂತು. ಫ್ರಿಜ್ಜು, ಮಂಚ, ತುಳಸಿಯ ಕುಂಡ, ಮಗಳ ಪುಸ್ತಕಗಳು ಎಲ್ಲ ಒಂದೇ ಲಾರಿಯಲ್ಲಿ ಬಂದವು. ಕುಡಿತವೂ ಅದೇ ಲಾರಿಯಲ್ಲಿ ಬಂತು.

ಆರು ತಿಂಗಳ ನಂತರ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಂದಾಕಿನಿ ಸಂಭಾಜಿನಗರದ ಒಂದು ಶಾಲೆಯ ಗೇಟಿನ ಮುಂದೆ ನಿಂತಿದ್ದಳು. ಗೇಟಿಗೆ ಬೀಗ. ಕೈಯಲ್ಲಿದ್ದ ಮೊಬೈಲಿನಲ್ಲಿ ಇದೇ ಶಾಲೆಯ ವಿಳಾಸ. ಕುಡಿತ ಬಿಡಬೇಕು ಎನ್ನುವವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಮಾತಾಡುವ ಮೀಟಿಂಗ್ ಭಾನುವಾರ ಹನ್ನೊಂದಕ್ಕೆ ಇಲ್ಲೇ ನಡೆಯುತ್ತದೆ ಎಂದು ಇಂಟರ್ನೆಟ್ಟಿನ ಒಂದು ಪಟ್ಟಿಯಲ್ಲಿ ಬರೆದಿತ್ತು. ಆ ಪಟ್ಟಿ ಯಾವ ಕಾಲದ್ದು ಎಂದು ಮಾತ್ರ ಬರೆದಿರಲಿಲ್ಲ. ಬಿಸಿಲಿಗೆ ನೆತ್ತಿ ಕಾದು ಹೋಗಿತ್ತು. ಗೇಟಿನ ಒಳಗೆ ಮಲಗಿದ್ದ ನಾಯಿ ಒಂದು ಸಲ ಕಣ್ಣು ತೆರೆದು ಮತ್ತೆ ಮುಚ್ಚಿತು.

ಆಕೆ ಗೇಟು ಬಡಿದಳು. ಬಹಳ ಹೊತ್ತಿನ ಮೇಲೆ ಕಾವಲುಗಾರ ಬಂದ.

"ಮೀಟಿಂಗ್? ತೀ ಬಂದ್ ಝಾಲೀ, ತಾಯಿ. ದೋನ್ ವರ್ಷ ಝಾಲೀ," ಎಂದ. ನಿಂತು ಎರಡು ವರ್ಷವಾಯಿತಂತೆ. ಬೇರೆ ಕಡೆ ಹೋದರಂತೆ. ಎಲ್ಲಿಗೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ.

ಹಿಂದೆ ಸ್ಕೂಟರಿನ ಮೇಲೆ ಕೂತಿದ್ದ ಅರವಿಂದನ ಮುಖದಲ್ಲಿ ಮಳೆಗೆ ರಜೆ ಸಿಕ್ಕ ಶಾಲೆಯ ಹುಡುಗನ ಕಳೆ ಬಂತು.

"ನೋಡು ಮತ್ತ, ಮಂದಾ. ನಾ ಬಂದೀನಿ. ಅವರು ಬೀಗ ಹಾಕ್ಯಾರ. ನಂದೇನ್ ತಪ್ಪು ಇದರಾಗ?"

"ಬಾಯಿ ಮುಚ್ಚರಿ," ಎಂದಳು ಮಂದಾಕಿನಿ. "ನಿಮ್ಮ ತಪ್ಪು ಇಲ್ಲಂತ. ಹದಿನೈದು ವರ್ಷದಾಗ ಒಂದ ಸಲನೂ ನಿಮ್ಮ ತಪ್ಪು ಇಲ್ಲ. ಇವತ್ತ ಹೆಂಗ ಇರತದ?"

ಆಕೆಯ ಸಿಟ್ಟಿಗೆ ಕಾರಣ ಇತ್ತು. ಇವನನ್ನು ಈ ಗೇಟಿನವರೆಗೆ ತರಲು ಆಕೆಗೆ ಆರು ವಾರ ಹಿಡಿದಿತ್ತು.

ನಾಶಿಕದಲ್ಲಿ ಅರವಿಂದ ಸಾತಪುರದ ಕಾರ್ಖಾನೆಗಳ ನಡುವಿನ ಶಾಖೆಯಲ್ಲಿ ಅಧಿಕಾರಿಯಾಗಿದ್ದ. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದ, ಗೆಳೆಯರ ಒತ್ತಾಯಕ್ಕೆ. ಆಮೇಲೆ ಗೆಳೆಯರು ಬೇಕಾಗಲಿಲ್ಲ, ಶನಿವಾರವೂ ಬೇಕಾಗಲಿಲ್ಲ. ಮಂದಾಕಿನಿ ಮಾಡದ ಉಪಾಯವಿಲ್ಲ. ಷೇರ್ ಜೀಪು ಹತ್ತಿ ತ್ರ್ಯಂಬಕೇಶ್ವರಕ್ಕೆ ಹೋಗಿ ಪೂಜೆ ಮಾಡಿಸಿದಳು. ಪೂಜೆ ಮಾಡಿಸಿದ್ದು ತಪ್ಪಲ್ಲ, ಆಕೆಯ ಮನಸ್ಸಿಗೆ ಅದರಿಂದ ಧೈರ್ಯ ಬಂತು. ಆದರೆ ತೀರ್ಥ ಕುಡಿದ ಬಾಯಿಗೆ ಅರವಿಂದ ಅದೇ ದಿನ ನಾಶಿಕದಲ್ಲಿ ಇಳಿದ ಕೂಡಲೇ ಮತ್ತೊಂದನ್ನು ಸುರಿದುಕೊಂಡ. ನಂತರ, ಪತ್ರಿಕೆಯ ಮೂಲೆಯಲ್ಲಿ "ಗೊತ್ತಾಗದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ ಒಂದು ಪುಡಿ ತರಿಸಿ, ಸಾರಿನಲ್ಲಿ ಬೆರೆಸಿ ಹಾಕಿದಳು. ಅವನು ವಾಂತಿ ಮಾಡಿ ಮಾಡಿ ಬಿ.ಪಿ. ಇಳಿದು ಆಸ್ಪತ್ರೆ ಸೇರಿದ. "ಇನ್ನೊಂದು ಚಮಚ ಹಾಕಿದ್ದರೆ ನೀವು ಇವತ್ತು ಪೊಲೀಸ್ ಸ್ಟೇಷನ್ನಿನಲ್ಲಿ ಇರುತ್ತಿದ್ದಿರಿ" ಎಂದು ಡಾಕ್ಟರು ಬೈದರು. ಕಡೆಗೆ ಉಳಿದದ್ದು ಟ್ರಾನ್ಸ್‌ಫರ್. ಯೂನಿಯನ್ನಿನ ಸೋಮಲಿಂಗ ಅವರ ಮನೆಗೆ ನಾಲ್ಕು ಸಲ ಅಲೆದು ಅದನ್ನೂ ಮಾಡಿಸಿದಳು. ಊರು ಬದಲಾದರೆ ಸಹವಾಸ ಬದಲಾಗುತ್ತದೆ, ಸಹವಾಸ ಬದಲಾದರೆ ಚಟ ಬಿಡುತ್ತದೆ ಎಂದು ನಂಬಿದಳು. ಸಂಭಾಜಿನಗರಕ್ಕೆ ಬಂದ ಮೂರನೆಯ ವಾರಕ್ಕೆ ಅರವಿಂದನಿಗೆ ಚಿಕಲಠಾಣಾ ಕಡೆಯ ಎಲ್ಲ ಮದ್ಯದ ಅಂಗಡಿಗಳ ಬಾಗಿಲು ತೆರೆಯುವ ಹೊತ್ತು ಬಾಯಿಪಾಠವಾಗಿತ್ತು.

ಎರಡು ತಿಂಗಳ ಹಿಂದೆ ಕಣ್ಣು ಹಳದಿಯಾದಾಗ ಇಲ್ಲಿಯ ಡಾಕ್ಟರು ನೇರವಾಗಿ ಹೇಳಿದರು, "ಲಿವರ್ ಊದಿದೆ. ಇನ್ನೊಂದು ವರ್ಷ ಹೀಗೇ ನಡೆದರೆ ನನ್ನ ಹತ್ತಿರ ಬರಬೇಡಿ, ಬಂದರೂ ನಾನು ಏನೂ ಮಾಡಲಾರೆ. ಔಷಧ ನಾನು ಕೊಡುತ್ತೇನೆ. ಆದರೆ ಒಬ್ಬರೇ ಕೂತು ಬಿಡುವುದು ಬಹಳ ಕಷ್ಟ. ಬಿಟ್ಟವರ ಮೀಟಿಂಗ್ ಇರುತ್ತದೆ, ಹುಡುಕಿ ಸೇರಿಕೊಳ್ಳಿ."

ಹುಡುಕಿ ಎನ್ನುವುದು ಸುಲಭ. ಮಂದಾಕಿನಿ ಒಂದು ನಂಬರಿಗೆ ಫೋನ್ ಮಾಡಿದರೆ ಅದು ಯಾವುದೋ ಖಾಸಗಿ ಕೇಂದ್ರ. "ಮೇಡಂ, ಗಾಡಿ ಕಳಿಸುತ್ತೇವೆ, ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತೇವೆ" ಎಂದರು. ಗಂಡನೆಂದರೆ ಹಳೆಯ ಸೋಫಾವೇ? ಫೋನು ಇಟ್ಟಳು. ಇನ್ನೊಂದು ಕಡೆ ನಿಜವಾದ ಮೀಟಿಂಗ್ ಸಿಕ್ಕಿತು, ಆದರೆ ಅದು ಚರ್ಚಿನ ಹಿಂದಿನ ಹಾಲಿನಲ್ಲಿ ಎಂದು ತಿಳಿದ ಕೂಡಲೇ ಅರವಿಂದ ಬಾಗಿಲಿನಿಂದಲೇ ತಿರುಗಿ ಬಂದ. ಮುಂದಿನ ಭಾನುವಾರ ತಲೆನೋವು. ಅದರ ಮುಂದಿನ ಭಾನುವಾರ ಬ್ಯಾಂಕಿನ ಆಡಿಟ್. ಭಾನುವಾರ ಯಾವ ಆಡಿಟ್ ಎಂದು ಕೇಳಿದರೆ ಮುನಿಸು.

ಮೊನ್ನೆ ಶುಕ್ರವಾರ ಮಗಳು ಸಮೀಕ್ಷಾ ಕೂಡ ಬಾಯಿ ಬಿಟ್ಟಿದ್ದಳು. ಹನ್ನೊಂದನೆಯ ತರಗತಿಯ ಹುಡುಗಿ. "ಮಮ್ಮಿ, ನಾ ಹಾಸ್ಟೆಲ್‌ಗೆ ಹೋಗ್ತೀನಿ. ಮಲಾ ಇಥೆ ಶ್ವಾಸ್ ಘೇತಾ ಯೇತ್ ನಾಹೀ" ಎಂದಳು. ಈ ಮನೆಯಲ್ಲಿ ಉಸಿರಾಡಲಿಕ್ಕೂ ಆಗುವುದಿಲ್ಲ ಎಂದು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಅವಳು ಮರಾಠಿಯಲ್ಲಿ ಮುಗಿಸಿದರೆ ನಿಜಕ್ಕೂ ನೊಂದಿದ್ದಾಳೆ ಎಂದು ಅರ್ಥ. ಅವತ್ತೇ ಮಂದಾಕಿನಿ ಗಂಡನಿಗೆ ಹೇಳಿದಳು, "ಈ ಭಾನುವಾರ ನೀವು ಒಂದು ಮೀಟಿಂಗಿನ್ಯಾಗ ಕೂಡ್ರಬೇಕು. ಇಲ್ಲಂದ್ರ ಸೋಮವಾರ ನಾನೂ ನನ್ನ ಮಗಳೂ ವಿಜಯಪುರದ ಬಸ್ ಹತ್ತತೀವಿ. ಮತ್ತ ಬರೂದಿಲ್ಲ." ಅದಕ್ಕೇ ಅವನು ಇವತ್ತು ಬಂದದ್ದು. ಬಂದರೆ ಗೇಟಿಗೆ ಬೀಗ.

ಬಾಯಿ ಒಣಗಿತ್ತು. ಎದುರಿಗೇ ಒಂದು ಉಡುಪಿ ಹೋಟೆಲು ಇತ್ತು. ಇಬ್ಬರೂ ಒಳಗೆ ಹೋಗಿ ಕೂತರು.

ಈ ಹೋಟೆಲಿನ ಬಗ್ಗೆ ಒಂದು ಮಾತು ಹೇಳಬೇಕು. ಮಂದಾಕಿನಿ ಇಲ್ಲಿಗೆ ಮೊದಲೂ ಬಂದಿದ್ದಳು, ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದಳು. ನಡೆಸುವವರು ಕನ್ನಡದವರು ಎಂದು ಮೊದಲ ದಿನವೇ ಗೊತ್ತಾಗಿತ್ತು. ಗಲ್ಲಾದ ಹಿಂದೆ ಕೂರುವ ಗುಣವತಿ ಅಡುಗೆಮನೆಯ ಕಡೆ ತಿರುಗಿ ಕನ್ನಡದಲ್ಲಿ ಕೂಗುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಪರಊರಿನಲ್ಲಿ ಕನ್ನಡ ಕೇಳಿ ಹಿಗ್ಗಿ ಮಾತಾಡಿಸುತ್ತಿದ್ದರು. ಮಂದಾಕಿನಿ ಹಿಂದಿಯಲ್ಲಿ ಇಡ್ಲಿ ಕೇಳಿದಳು. ಮಗಳಿಗೂ ತಾಕೀತು ಮಾಡಿದಳು, ಅಲ್ಲಿ ಕನ್ನಡ ಮಾತಾಡಬೇಡ ಎಂದು. ಕನ್ನಡದವರಿಗೆ ಗುರುತಾದರೆ ಕನ್ನಡ ಸಂಘದವರಿಗೆ ಗೊತ್ತಾಗುತ್ತದೆ, ಸಂಘದವರಿಗೆ ಗೊತ್ತಾದರೆ ಬ್ಯಾಂಕಿನ ಕನ್ನಡದವರಿಗೆ, ಅಲ್ಲಿಂದ ವಿಜಯಪುರದ ಅತ್ತೆಯ ಮನೆಗೆ. ಗಂಡನ ಕೈ ನಡುಗುವುದಕ್ಕೆ ಆಕೆ ಕಾಲೋನಿಯಲ್ಲಿ "ಶುಗರ್ ಅದ" ಎಂದು ಹೇಳಿಟ್ಟಿದ್ದಳು. ಇಷ್ಟು ಕಷ್ಟಪಟ್ಟು ಕಾಪಾಡಿದ ಮಾನವನ್ನು ಎರಡು ಇಡ್ಲಿಗಾಗಿ ಬಿಟ್ಟುಕೊಡುವುದುಂಟೇ?

ಮಾಣಿ ನೀರು ತಂದಿಟ್ಟ. ಅರವಿಂದ ಲೋಟ ಎತ್ತಿದ. ಕೈ ನಡುಗಿ ಅರ್ಧ ನೀರು ಟೇಬಲಿನ ಮೇಲೆ, ಉಳಿದರ್ಧ ಅಂಗಿಯ ಮೇಲೆ ಚೆಲ್ಲಿತು. ಮಂದಾಕಿನಿಯ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. ಹಿಂದಿ, ಮಾನ, ಕನ್ನಡ ಸಂಘ ಎಲ್ಲ ಮರೆತು ಆಕೆ ಗಟ್ಟಿಯಾಗಿ ಕೂಗಿದಳು.

"ಒಂದ ಗ್ಲಾಸ್ ನೀರು ಹಿಡಿಯಾಕ ಬರೂದಿಲ್ಲ ನಿಮಗ! ಹೆಂಗ ಬಾಳೇ ಮಾಡ್ಲಿ ನಾ? ಯಾರ ಮುಂದ ಹೋಗಿ ಅಳ್ಲಿ?"

ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಣವತಿ ಗಲ್ಲಾ ಬಿಟ್ಟು ಎದ್ದು ಬಂದರು. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು.

"ಅಯ್ಯೋ, ನೀವು ಕನ್ನಡದವರಾ? ಆರು ತಿಂಗಳಿಂದ ನನ್ನ ಹತ್ರ ಹಿಂದಿಯಲ್ಲಿ ಇಡ್ಲಿ ಕೇಳ್ತಾ ಇದ್ದೀರಲ್ಲ ಮಾರಾಯ್ರೆ!"

ಮಂದಾಕಿನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. "ಇವರಿಗೆ ಶುಗರ್ ಅದರಿ. ಅದಕ್ಕ ಕೈ..." ಎಂದಳು.

ಗುಣವತಿ ಅರವಿಂದನ ಕೈಯನ್ನು ನೋಡಿದರು, ಹಣೆಯ ಬೆವರನ್ನು ನೋಡಿದರು. "ಇದು ಶುಗರ್ ಅಲ್ಲ ಅಕ್ಕ," ಎಂದರು ದನಿ ತಗ್ಗಿಸಿ. "ಈ ನಡುಕ ಎಂತದು ಅಂತ ನನಗೆ ಗೊತ್ತುಂಟು. ನೀವು ಎದುರಿನ ಶಾಲೆಗೆ ಬಂದದ್ದಲ್ವಾ? ಮೀಟಿಂಗ್ ಹುಡುಕಿಕೊಂಡು?"

ಮಂದಾಕಿನಿ ಹೌದೆಂದು ತಲೆಯಾಡಿಸಿದಳು. ಕಣ್ಣೀರು ಬಂತು.

"ತಿಂಗಳಿಗೆ ಒಬ್ಬರಾದರೂ ಆ ಗೇಟು ಬಡಿದು ಹೋಗ್ತಾರೆ. ನನಗೆ ಇಲ್ಲಿಂದ ಕಾಣ್ತದೆ. ಆ ಹಳೇ ಪಟ್ಟಿ ತೆಗೀರಿ ಅಂತ ಎಷ್ಟು ಸಲ ಹೇಳಿ ಆಯ್ತೋ ಏನೋ! ಶಾಲೆಯವರು ಕೋಣೆ ಬೇಕು ಅಂದ್ರು, ಮೀಟಿಂಗಿನವರು ಜಾಗ ಬದಲು ಮಾಡಿದ್ರು. ಎಲ್ಲ ಎರವಲು ಜಾಗ ಅಲ್ವಾ, ಬದಲಾಗ್ತಾ ಇರ್ತದೆ. ಹೊರಡುವ ಮೊದಲು ಫೋನ್ ಮಾಡಿ ಕೇಳಬೇಕು." ಅವರು ಅಡುಗೆಮನೆಯ ಕಡೆ ತಿರುಗಿದರು. "ನಿಲ್ಲಿ, ನಮ್ಮವರನ್ನು ಕರೀತೇನೆ. ಅವರ ವಿಷಯ ಅವರೇ ಹೇಳಬೇಕು, ನಾನು ಹೇಳುವ ಹಾಗಿಲ್ಲ."

ಅಡುಗೆಮನೆಯಿಂದ ಗುಣವತಿಯ ಗಂಡ ಭುಜಂಗ ಬಂದರು. ಲುಂಗಿ, ಬನಿಯನ್ನು, ಹೆಗಲ ಮೇಲೆ ಟವೆಲು. ಕುರ್ಚಿ ಎಳೆದುಕೊಂಡು ಅರವಿಂದನ ಎದುರಿಗೆ ಕೂತರು. ನಮಸ್ಕಾರ ಇಲ್ಲ, ಊರು ಯಾವುದು ಎಂದು ಕೇಳುವುದಿಲ್ಲ.

"ನನ್ನ ಹೆಸರು ಭುಜಂಗ. ನಾನು ಕುಡುಕ. ಕುಡಿಯದೆ ಆರು ವರ್ಷ ಆಯ್ತು."

ಅರವಿಂದ ಬೆಚ್ಚಿ ನೋಡಿದ. ಹಾಗೆ ಹೇಳಿಕೊಳ್ಳುವ ಮನುಷ್ಯನನ್ನು ಅವನು ಈವರೆಗೆ ಕಂಡಿರಲಿಲ್ಲ. ಆಮೇಲೆ ಸೆಟೆದು ಕೂತ. "ನಾ ಕುಡುಕ ಅಲ್ರಿ. ಬ್ಯಾಂಕಿನ್ಯಾಗ ಆಫೀಸರ್ ಅದೀನಿ. ಟೆನ್ಶನ್ ಇರತದ, ಸ್ವಲ್ಪ ತಗೋತೀನಿ. ಈಕಿ ಸಣ್ಣದನ್ನ ದೊಡ್ಡದು ಮಾಡ್ಯಾಳ."

"ಆಯ್ತು. ಇವತ್ತು ಎಷ್ಟು ಗಂಟೆಗೆ ಶುರು ಮಾಡಿದ್ದು?"

ಅರವಿಂದ ಹೆಂಡತಿಯ ಮುಖ ನೋಡಿದ, ಟೇಬಲು ನೋಡಿದ. "ಆರಕ್ಕ," ಎಂದ. "ಬರೇ ಕೈ ನಿಲ್ಲಲಿ ಅಂತ."

ಮಂದಾಕಿನಿ ಹಣೆ ಚಚ್ಚಿಕೊಂಡಳು. ಬೆಳಿಗ್ಗೆ ಆರಕ್ಕೆ ಆಕೆ ಇವನಿಗಾಗಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು!

"ನಾನು ಐದಕ್ಕೆ," ಎಂದರು ಭುಜಂಗ. "ಇಡ್ಲಿ ಹಿಟ್ಟಿನ ಡ್ರಮ್ಮಿನ ಹಿಂದೆ ಇಡ್ತಿದ್ದೆ. ಆವಾಗ ನಮ್ಮದು ನಾಶಿಕದಲ್ಲಿ ಹೋಟೆಲು."

"ನಮಗೆ ಟ್ರಾನ್ಸ್‌ಫರ್ ಕೊಡುವವರು ಯಾರೂ ಇಲ್ಲವಲ್ಲ," ಎಂದರು ಗುಣವತಿ. "ಊರು ಬಿಟ್ಟರೆ ಚಟ ಬಿಡ್ತದೆ ಅಂತ ನಾನೇ ಹೋಟೆಲು ಮುಚ್ಚಿಸಿ ಇಲ್ಲಿಗೆ ಹೊರಡಿಸಿದೆ. ಗ್ರೈಂಡರು ಬಂತು, ಕಾವಲಿ ಬಂತು, ಇವರ ಬಾಟ್ಲಿಯೂ ಬಂತು. ಬುದ್ಧಿ ಮಾತ್ರ ನಾಶಿಕದಲ್ಲೇ ಉಳೀತು, ನಂದು."

ಮಂದಾಕಿನಿ ಅವರನ್ನೇ ನೋಡುತ್ತ ಕೂತಳು. ಇಂಥ ದಡ್ಡತನ ಲೋಕದಲ್ಲಿ ತಾನೊಬ್ಬಳೇ ಮಾಡಿದ್ದು ಎಂದು ಆಕೆ ತಿಳಿದಿದ್ದಳು. ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ಆರು ತಿಂಗಳು ಈ ಹೆಂಗಸಿನ ಎದುರು ನಿಂತು ಹಿಂದಿ ಮಾತಾಡಿದ್ದೆನಲ್ಲ!

"ಮೀಟಿಂಗ್ ಇವತ್ತು ಸಂಜೆ ಐದಕ್ಕೆ ಉಂಟು, ಚರ್ಚಿನ ಹಿಂದಿನ ಹಾಲಿನಲ್ಲಿ," ಎಂದರು ಭುಜಂಗ. "ನಾನೂ ಅಲ್ಲಿ ಇರ್ತೇನೆ."

ಅಷ್ಟು ಹೇಳಿದ್ದೇ ತಡ, ಅರವಿಂದನ ನೆಪಗಳ ಕಂತೆ ಬಿಚ್ಚಿತು.

"ಅದು ಚರ್ಚಿನ ಹಾಲ್ ಅಲ್ಲೇನ್ರಿ? ನಮ್ಮ ಮನ್ಯಾಗ ತಿಳದರ ಏನಂದಾರು? ಧರ್ಮಾ ಬದಲು ಮಾಡಸ್ತಾರಂತ..."

"ಅಲ್ಲಿ ಕುರ್ಚಿ ಉಂಟು, ಫ್ಯಾನ್ ಉಂಟು, ಭಾನುವಾರ ಸಂಜೆ ಖಾಲಿ ಇರ್ತದೆ. ಅದಕ್ಕೆ ಅಲ್ಲಿ. ಮೀಟಿಂಗಿಗೂ ಚರ್ಚಿಗೂ ಬೇರೆ ಸಂಬಂಧ ಇಲ್ಲ. ದೇವರ ಮಾತು ಬರ್ತದೆ, ಹೌದು. ಯಾವ ದೇವರು ಅಂತ ಯಾರೂ ಕೇಳುವುದಿಲ್ಲ. ನಾನು ಇವತ್ತಿಗೂ ಕೃಷ್ಣನಿಗೆ ಕೈ ಮುಗಿದೇ ಒಲೆ ಹಚ್ಚುವುದು."

"ಬ್ಯಾಂಕಿನ ಗಿರಾಕಿ ಯಾರರ ನೋಡಿದ್ರ?"

"ಅಲ್ಲಿ ನಿಮ್ಮನ್ನು ನೋಡಿದವನೂ ಅದಕ್ಕೇ ಬಂದವನಲ್ವಾ ಸ್ವಾಮಿ? ಅವನು ಯಾರ ಹತ್ರ ಹೇಳ್ತಾನೆ? ಮತ್ತೆ, ಅಲ್ಲಿ ಹೆಸರು ಬಿಟ್ಟು ಬೇರೆ ಏನೂ ಕೇಳುವುದಿಲ್ಲ. ಅಡ್ರೆಸ್ ಬೇಡ, ಆಧಾರ್ ಬೇಡ, ಫೀಸು ಇಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು, ಅದೇ ರೂಲು."

"ಮರಾಠಿ ಒಳಗ ನಾ ಲೋನ್ ಕೊಡತೀನಿ, ಜಗಳಾನೂ ಆಡತೀನಿ. ಆದ್ರ ಮನಸಿನ ಮಾತು ಮರಾಠಿ ಒಳಗ ಬರೂದಿಲ್ರಿ ನನಗ."

ಇದನ್ನು ಹೇಳುವಾಗ ಮಾತ್ರ ಅರವಿಂದನ ದನಿಯಲ್ಲಿ ನೆಪ ಇರಲಿಲ್ಲ. ಭುಜಂಗರಿಗೂ ಅದು ಗೊತ್ತಾಯಿತು. "ನಾನು ಮೊದಲ ಸಲ ತುಳುವಿನಲ್ಲಿ ಹೇಳಿದ್ದು," ಎಂದರು. "ಯಾರಿಗೂ ಒಂದು ಶಬ್ದ ಗೊತ್ತಾಗ್ಲಿಲ್ಲ. ವಿಷಯ ಎಲ್ಲರಿಗೂ ಗೊತ್ತಾಯ್ತು. ನೀವು ಮಾತಾಡಲೇಬೇಕು ಅಂತಿಲ್ಲ. ಕೂತು ಕೇಳಿ, ಸಾಕು."

"ಹಂಗಾದ್ರ ಮುಂದಿನ ವಾರ ಬರತೀನಿ. ಇವತ್ತಿನಿಂದ ನಾನ ಪೂರಾ ಬಂದ್ ಮಾಡತೀನಿ. ಒಂದ ಹನಿ ಮುಟ್ಟೂದಿಲ್ಲ. ಶಪಥ."

"ಹಾಗೆ ಮಾತ್ರ ಮಾಡಬೇಡಿ!" ಭುಜಂಗ ಟೇಬಲು ಕುಟ್ಟಿದರು. "ದಿನಾ ಬೆಳಿಗ್ಗೆ ಬೇಕಾಗುವವರು ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ನಾನು ಶಪಥ ಮಾಡಿದ ಮೂರನೇ ದಿನ ಫಿಟ್ಸ್ ಬಂದು ಒಲೆ ಪಕ್ಕದಲ್ಲಿ ಬಿದ್ದಿದ್ದೆ. ನಿಮ್ಮ ಡಾಕ್ಟರಿಗೆ ಈ ಬೆಳಗಿನ ಆರು ಗಂಟೆಯ ವಿಷಯ ಹೇಳಿದ್ದೀರಾ?"

"ಇಲ್ಲ."

"ಹೇಳಿಲ್ಲ! ಲಿವರ್ ತೋರ್ಸೂದು, ಬಾಟಲಿ ಮುಚ್ಚಿಡೂದು," ಎಂದಳು ಮಂದಾಕಿನಿ. ಆಕೆ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿದ್ದಳು. ಕೂಡಲೇ ಕರೆದುಕೊಂಡು ಬನ್ನಿ ಎಂದರು ಅವರು. ಡಾಕ್ಟರ ಎದುರು ಅರವಿಂದ ಮೊದಲ ಸಲ ಲೆಕ್ಕ ತಪ್ಪಿಸದೆ ಎಲ್ಲವನ್ನೂ ಹೇಳಿದ. ಡಾಕ್ಟರು ಪರೀಕ್ಷೆ ಮಾಡಿ, ನಡುಕ ತಡೆಯುವ ಮಾತ್ರೆ ಕೊಟ್ಟು, ಅವು ಮಂದಾಕಿನಿಯ ಕೈಯಲ್ಲೇ ಇರಲಿ ಎಂದರು. ದಿನವೂ ಬಂದು ತೋರಿಸಬೇಕು, ರಾತ್ರಿ ಕಣ್ಣಿಗೆ ಏನೇನೋ ಕಂಡರೆ, ಕೈಕಾಲು ಸೆಳೆದರೆ ನೇರವಾಗಿ ಆಸ್ಪತ್ರೆಗೆ ಬರಬೇಕು ಎಂದರು.

ಸಂಜೆ ಐದಕ್ಕೆ ಭುಜಂಗ, ಗುಣವತಿ ಇಬ್ಬರೂ ಹಾಲಿನ ಬಾಗಿಲಲ್ಲಿ ಕಾಯುತ್ತಿದ್ದರು. ಒಳಗೆ ಹದಿನೈದು ಪ್ಲಾಸ್ಟಿಕ್ ಕುರ್ಚಿ, ಒಂದು ಚಹದ ಕೆಟಲು. ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಬಂದಿದ್ದ ಒಬ್ಬ, ಇಸ್ತ್ರಿ ಮಾಡಿದ ಅಂಗಿಯ ಒಬ್ಬ, ರಿಕ್ಷಾದ ಖಾಕಿಯಲ್ಲಿ ಒಬ್ಬ. ಅರವಿಂದ ಹೊಸ್ತಿಲ ಮೇಲೆ ನಿಂತ. ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮಂದಾಕಿನಿಗೆ ಅವನನ್ನು ಹಿಂದಿನಿಂದ ನೂಕಿಬಿಡಬೇಕು ಅನಿಸಿತು, ಕೈ ಕೂಡ ಮುಂದೆ ಹೋಯಿತು. ಗುಣವತಿ ಆ ಕೈಯನ್ನು ಹಿಡಿದುಕೊಂಡರು.

"ಬಿಡಿ. ಹದಿನೈದು ವರ್ಷ ನೂಕಿದ್ದೀರಿ. ಈ ಒಂದು ಹೆಜ್ಜೆ ಅವರೇ ಇಡ್ಲಿ."

ಇಬ್ಬರೂ ಕಾದರು. ಅರವಿಂದ ಚಪ್ಪಲಿ ಬಿಟ್ಟ. ಬಿಡಬೇಕು ಎಂದು ಯಾರೂ ಹೇಳಿರಲಿಲ್ಲ. ಬಿಟ್ಟು ಒಳಗೆ ಹೋಗಿ ಎಲ್ಲಕ್ಕಿಂತ ಹಿಂದಿನ ಕುರ್ಚಿಯಲ್ಲಿ ಕೂತ.

ಗುಣವತಿ ಮಂದಾಕಿನಿಯನ್ನು ಪಕ್ಕದ ಕೋಣೆಗೆ ಕರೆದರು. ಅಲ್ಲಿ ಐದಾರು ಹೆಂಗಸರು ಕೂತಿದ್ದರು, ಕುಡಿಯುವವರ ಹೆಂಡತಿಯರು, ಒಬ್ಬರ ತಾಯಿ. ಮನೆಯವರ ಮೀಟಿಂಗ್ ಅದು.

"ನಾ ಯಾಕ ಕೂಡ್ರಲಿ?" ಮಂದಾಕಿನಿಗೆ ರೇಗಿತು. "ಕುಡಿಯೂದು ನಾ ಅಲ್ಲ."

"ಬ್ಯಾಂಕಿಗೆ ಫೋನ್ ಮಾಡಿ ಜ್ವರ ಅಂತ ಹೇಳುವುದು ಯಾರು? ಶುಗರ್ ಅಂತ ಹೇಳುವುದು ಯಾರು? ಹಿಂದಿಯಲ್ಲಿ ಇಡ್ಲಿ ಕೇಳುವುದು ಯಾರು?" ಎಂದರು ಗುಣವತಿ. "ಕುಡಿತ ಅವರದ್ದು, ಅದನ್ನು ಮುಚ್ಚುವ ಕೆಲಸ ನಿಮ್ಮದು. ನಾನೂ ಹನ್ನೊಂದು ವರ್ಷ ಆ ಕೆಲಸ ಮಾಡಿ ಸುಸ್ತಾದವಳು. ಕೂತ್ಕೊಳ್ಳಿ."

ಮಂದಾಕಿನಿ ಕೂತಳು. ಸರದಿ ಬಂದಾಗ ಮರಾಠಿಯಲ್ಲಿ ಎರಡು ಮಾತು ಹೇಳಿ ಮುಗಿಸೋಣ ಎಂದುಕೊಂಡಿದ್ದಳು. ಬಾಯಿ ತೆರೆದರೆ ವಿಜಯಪುರದ ಕನ್ನಡ ಬಂತು, ನಿಲ್ಲಲೇ ಇಲ್ಲ. ಮುಚ್ಚಿಟ್ಟದ್ದು, ಪುಡಿ ಬೆರೆಸಿದ್ದು, ಮಗಳು ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟದ್ದು, ಎಲ್ಲ ಹೇಳಿದಳು. ಮರಾಠಿ ಹೆಂಗಸರು ಒಬ್ಬರೂ ತಡೆಯದೆ ಕೇಳಿದರು. ಒಬ್ಬಾಕೆ ಆಕೆಯ ಬೆನ್ನ ಮೇಲೆ ಕೈ ಇಟ್ಟಳು. ಎಷ್ಟೋ ವರ್ಷಗಳ ಮೇಲೆ ಆಕೆಗೆ ಹಗುರ ಅನಿಸಿತು.

ಒಂದು ಗಂಟೆಯ ನಂತರ ಅರವಿಂದ ಹೊರಗೆ ಬಂದ. ಮುಖ ಗಂಟಿಕ್ಕಿತ್ತು. ಮಂದಾಕಿನಿ ಎದ್ದು ಎದುರಿಗೆ ಬಂದಳು. ಮುಗಿಯಿತು, ಇನ್ನು ಇವನು ಬರುವುದಿಲ್ಲ ಎಂದುಕೊಂಡಳು.

"ಏನಾತು?"

"ಏನಾಗತದ? ನಾ ನಿನಗ ಹೇಳಿದ ಸುಳ್ಳು ಅದಾವಲ್ಲ," ಎಂದ ಅರವಿಂದ, "ಒಂದೂ ಬಿಡದ ಎಲ್ಲಾ ಅವರೂ ಹೇಳ್ಯಾರ. ಆ ರಿಕ್ಷಾದವ ಆಡಿಟ್ ಅದ ಅಂತ ಹೇಳಿಲ್ಲ, ಅಷ್ಟ." ಸ್ವಲ್ಪ ಹೊತ್ತು ಚಪ್ಪಲಿ ಹುಡುಕಿದ. "ನಾ ಒಬ್ಬನ ಹಿಂಗ ಅದೀನಿ ಅಂತ ತಿಳಕೊಂಡಿದ್ದೆ, ಮಂದಾ."

ಸೋಮವಾರ ಮಂದಾಕಿನಿ ವಿಜಯಪುರದ ಬಸ್ ಹತ್ತಲಿಲ್ಲ.

ಇಲ್ಲಿಗೆ ಕಥೆ ಮುಗಿಸಿದರೆ ನಿಮಗೂ ಹಿತ, ಹೇಳುವವರಿಗೂ ಹಿತ. ಆದರೆ ನಿಜ ಹೇಳಬೇಕು. ಹದಿನೆಂಟು ದಿನ ಎಲ್ಲ ಸರಿಯಾಗಿ ನಡೆಯಿತು. ಹತ್ತೊಂಬತ್ತನೆಯ ದಿನ ಅರವಿಂದ ಬ್ಯಾಂಕಿನಿಂದ ಎರಡು ತಾಸು ತಡವಾಗಿ ಬಂದ. ಬಾಗಿಲಲ್ಲೇ ವಾಸನೆ ಬಂತು. ಮಂದಾಕಿನಿಯ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. ಒಳಗಿನಿಂದ ಸಮೀಕ್ಷಾ ಬಂದು ಗೋಡೆಗೆ ಒರಗಿ ನಿಂತಳು. ಅವಳ ಕಣ್ಣಲ್ಲಿ ಸಿಟ್ಟೂ ಇರಲಿಲ್ಲ.

ಮಂದಾಕಿನಿ ಫೋನ್ ಎತ್ತಿಕೊಂಡಳು. ಭುಜಂಗರಿಗೆ ಮಾಡಲೋ, ಬಸ್ಸಿನ ಟಿಕೀಟು ತೆಗೆಯಲೋ ಆಕೆಗೇ ತಿಳಿಯಲಿಲ್ಲ.

"ಇಡು, ಮಂದಾ," ಎಂದ ಅರವಿಂದ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕುಸಿದು ಕೂತಿದ್ದ. "ನಾನ ಫೋನ್ ಹಚ್ಚೀನಿ ಭುಜಂಗಣ್ಣಗ. ರಸ್ತೆದಾಗನ ಹಚ್ಚಿದೆ. ಕುಡದೀನಿ ಅಂತ ಹೇಳೀನಿ. ಬರಾಕತ್ತಾರ." ಆಮೇಲೆ ಮಗಳ ಕಡೆ ತಿರುಗಿ, ತಲೆ ತಗ್ಗಿಸಿ, ಒಂದೊಂದೇ ಶಬ್ದ ಹೇಳಿದ. "ಸಮೂ, ನಾ ಇವತ್ತ ಕುಡದೀನಿ. ಆಡಿಟ್ ಇರಲಿಲ್ಲ."

ಹದಿನೈದು ವರ್ಷದಲ್ಲಿ ಯಾರೂ ಕೇಳುವ ಮೊದಲೇ ಅವನು ನಿಜ ಹೇಳಿದ್ದು ಅದೇ ಮೊದಲ ಸಲ. ಮಂದಾಕಿನಿಗೆ ಸಿಟ್ಟು ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಆದರೆ ಫೋನು ಕೆಳಗಿಟ್ಟಳು. ಸಮೀಕ್ಷಾ ಒಳಗೆ ಹೋಗಿ ಒಂದು ಲೋಟ ನೀರು ತಂದು, ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಭಾನುವಾರ ನಾನೂ ಬರ್ತೀನಿ, ಪಪ್ಪಾ," ಎಂದಳು. ಪೂರ್ತಿ ಕನ್ನಡದಲ್ಲಿ.

ಓದುತ್ತಿರುವ ಅಕ್ಕ, ಅಣ್ಣ, ತಾಯಿ, ಈ ಕಥೆ ನಿಮ್ಮ ಕೈಗೆ ಬಂದದ್ದು ಯಾರ ಮನೆಯ ಗುಟ್ಟನ್ನೂ ಕೇಳಲಿಕ್ಕಲ್ಲ. ಆದರೆ ನಿಮ್ಮ ಮನೆಯಲ್ಲೂ ಯಾರದೋ ಕೈ ನಡುಗುತ್ತಿದ್ದರೆ, ದಯವಿಟ್ಟು ಅದಕ್ಕೆ ಶುಗರ್ ಎಂದು ಹೆಸರಿಡಬೇಡಿ. ಕುಡಿತದ ಚಟ ಕಾಯಿಲೆ. ಅದಕ್ಕೆ ಡಾಕ್ಟರಿದ್ದಾರೆ, ಅದನ್ನು ದಾಟಿ ಬಂದವರೂ ಇದ್ದಾರೆ. ಊರು ಬದಲಾಯಿಸಿ ದಣಿಯಬೇಡಿ. ಕದ್ದು ಪುಡಿ ಬೆರೆಸಿ ಜೀವಕ್ಕೆ ಕುತ್ತು ತರಬೇಡಿ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಮೊದಲು ಡಾಕ್ಟರಿಗೆ ಎಲ್ಲವನ್ನೂ ನಿಜ ಹೇಳಲಿ.

ಮೀಟಿಂಗ್ ಹುಡುಕಬೇಕೆ? ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂಬ ಹೆಸರಿನಲ್ಲಿ ಕೇಳಿ. ಮನೆಯವರಿಗೆ ಅಲ್-ಅನಾನ್ ಎಂಬ ಗುಂಪುಗಳಿವೆ. ವಿಳಾಸ ಸಿಕ್ಕಿತೆಂದು ನೇರ ಹೊರಡಬೇಡಿ, ಮೊದಲು ಫೋನ್ ಮಾಡಿ ಜಾಗ, ದಿನ, ಹೊತ್ತು ಖಚಿತ ಮಾಡಿಕೊಳ್ಳಿ. ಎಲ್ಲಿಂದ ಶುರು ಮಾಡಬೇಕೋ ತಿಳಿಯದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಎರಡಕ್ಕೂ ದುಡ್ಡಿಲ್ಲದೆ ಕರೆ ಮಾಡಬಹುದು.

ಒಂದು ಗೇಟಿಗೆ ಬೀಗ ಇದ್ದರೆ ಸಿಟ್ಟು ಬರುತ್ತದೆ, ಬರಲಿ. ಬೈದುಕೊಂಡೇ ಇನ್ನೊಂದು ಗೇಟಿಗೆ ಹೋಗಿ. ಜಾರಿ ಬಿದ್ದರೆ ಮರುದಿನವೇ ಮತ್ತೆ ಹೋಗಿ. ಇಂದು ಒಬ್ಬರಿಗೆ, ಒಬ್ಬರಿಗೇ ಆದರೂ, ನಿಮ್ಮ ಸ್ವಂತ ಮಾತಿನಲ್ಲಿ ನಿಜ ಹೇಳಿ.